ಅಮ್ಮನ ಚಿಪ್ಪುಗಳಿಗೊಂದು ಶೋಕೇಸ್

ಅಮ್ಮ ನಮ್ಮ ಜೊತೆ ಇರೋಕೆ ಬಂದಾಗ ಎರಡು ಟ್ರಂಕ್ ತಂದಳು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ 37 ಕಡಲ ಚಿಪ್ಪು, ಅಜ್ಜಿಯ ಎರಡು ಬೆಳ್ಳಿ ಬಟ್ಟಲು, ಆರು ಪಿಂಗಾಣಿ ಕಪ್ಪು, ಅಪ್ಪನ ಮೂರು ಹಳೆ ಕ್ಯಾಮೆರಾ, ಮದುವೆಗೆ ಮುಂಚೆ ಅವಳೇ ಹಾಕಿದ ಒಂದು ಕಸೂತಿ. ಎಲ್ಲವನ್ನೂ ಹಳೇ ಪೇಪರಿನಲ್ಲಿ ಸುತ್ತಿಟ್ಟಿದ್ದಳು. ಒಂದೊಂದೇ ಬಿಚ್ಚುತ್ತಾ, "ಇದನ್ನ ನೋಡಿ ಎಷ್ಟು ವರ್ಷ ಆಯ್ತು ಕಣೇ" ಅಂದಳು. ಆ ಮಾತು ನನಗೆ ತಾಗಿತು. ಮುಂದಿನ ವಾರವೇ ಮನೆಗೆ ಒಂದು ಶೋಕೇಸ್ ಬಂತು.

ಆತುರಪಟ್ಟೆ. ಅಂಗಡಿಯಲ್ಲಿ ಅದು ತುಂಬಾ ಚೆನ್ನಾಗಿ ಕಾಣ್ತಿತ್ತು. ಅಗಲವಾಗಿತ್ತು, ಒಳಗೆ ಬೆಳಕು ಇತ್ತು, ಹಿಂದೆ ಪೂರ್ತಿ ಕನ್ನಡಿ ಇತ್ತು. ಒಳಗೆ ಏನಿಡ್ತೀನಿ ಅಂತ ಯೋಚಿಸಿಯೇ ಇರಲಿಲ್ಲ. ಒಂದು ಟೇಪ್ ಕೂಡ ತಗೊಂಡು ಹೋಗಿರಲಿಲ್ಲ. ಆ ಶೋಕೇಸ್ ನಮ್ಮ ಮನೆಯಲ್ಲಿ ಇದ್ದದ್ದು ಒಂದೂವರೆ ವರ್ಷ. ಅಷ್ಟರಲ್ಲಿ ಅಮ್ಮನ ಒಂಬತ್ತು ಚಿಪ್ಪು ಹಾಳಾದವು, ಕಸೂತಿಯ ಬಣ್ಣ ಹೋಯಿತು, ಒಂದು ಹಲಗೆ ಬಾಗಿ ಬಟ್ಟಲಿನ ಹಾಗೆ ಆಯಿತು. ಇಷ್ಟೆಲ್ಲ ಆದಮೇಲೆ ನಾನು ಕೂತು ಓದಿದೆ, ಅಳೆದೆ, ತಿಳಿದವರನ್ನ ಕೇಳಿದೆ. ನಿಮ್ಮ ಮನೆಯಲ್ಲೂ ಟ್ರಂಕಿನಲ್ಲಿ ಇಂಥ ವಸ್ತುಗಳು ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಚಿಪ್ಪಿನ ಕಥೆ ಮೊದಲು ಹೇಳ್ತೀನಿ. ನನಗೆ ಜಾಸ್ತಿ ನೋವು ಕೊಟ್ಟದ್ದು ಅದೇ.

ಆ ಶೋಕೇಸಿನ ಕೆಳಗೆ ಒಂದು ಡ್ರಾಯರ್ ಇತ್ತು. ಹೊಸ ಮರದ್ದು. ಮೇಲೆ ಜಾಗ ಸಾಲದೆ ಸಣ್ಣ ಚಿಪ್ಪುಗಳನ್ನ ಅದರಲ್ಲಿ ಇಟ್ಟಿದ್ದೆವು. ಒಂದು ದಿನ ಅಮ್ಮ ಡ್ರಾಯರ್ ಎಳೆದು ಒಂದು ಕವಡೆ ತೆಗೆದಳು. ಕಂದು ಬಣ್ಣದ, ಮೈಮೇಲೆ ಹುಲಿಚುಕ್ಕೆ ಇದ್ದ ಕವಡೆ. ಮೊದಲು ಅದು ಎಣ್ಣೆ ಸವರಿದ ಹಾಗೆ ಹೊಳೀತಿತ್ತು. ಈಗ ಬೆನ್ನ ಮೇಲೆ ಬಿಳಿ ಪುಡಿ. ಹಿಟ್ಟು ಚೆಲ್ಲಿದೆ ಅಂದುಕೊಂಡು ಅಮ್ಮ ಸೆರಗಿನಲ್ಲಿ ಒರೆಸಿದಳು. ಪುಡಿ ಹೋಯಿತು. ಕೆಳಗೆ ಹೊಳಪೂ ಇರಲಿಲ್ಲ. ಬೆರಳು ಆಡಿಸಿದರೆ ಸೀಮೆಸುಣ್ಣ ಮುಟ್ಟಿದ ಹಾಗೆ ತರಿತರಿ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ವಿನೆಗರ್ ವಾಸನೆ.

ಫಂಗಸ್ ಇರಬೇಕು ಅಂತ ನಾನು ಅಂದುಕೊಂಡೆ. ಹಿಂದಿನವರೂ ಇದನ್ನ ರೋಗ ಅಂತಲೇ ತಿಳಿದಿದ್ದರು. 1899ರಲ್ಲಿ ಬೈನ್ ಎಂಬ ಬ್ರಿಟಿಷ್ ಚಿಪ್ಪು ಸಂಗ್ರಾಹಕ ಇದರ ಬಗ್ಗೆ ಬರೆದ. ಬ್ಯಾಕ್ಟೀರಿಯಾದಿಂದ ಬರುತ್ತದೆ, ಒಂದರಿಂದ ಒಂದಕ್ಕೆ ಹರಡುತ್ತದೆ ಅಂತ ಅವನ ಊಹೆ. ಹಾಗಾಗಿ ಇದಕ್ಕೆ ಇವತ್ತಿಗೂ ಬೈನ್ ಕಾಯಿಲೆ ಅಂತಲೇ ಹೆಸರು. ಆದರೆ ಇದು ಕಾಯಿಲೆಯೇ ಅಲ್ಲ. ಮರದಿಂದ ಅಸಿಟಿಕ್ ಆಮ್ಲದ ಆವಿ ಹೊರಗೆ ಬರುತ್ತದೆ. ವಿನೆಗರ್‌ನಲ್ಲಿ ಇರುವುದು ಅದೇ ಆಮ್ಲ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಜಾತಿ. ಮುಚ್ಚಿದ ಡ್ರಾಯರಿನಲ್ಲಿ ಆವಿ ಹೊರಗೆ ಹೋಗೋಕೆ ದಾರಿ ಇಲ್ಲ. ತೇವ ಸೇರಿದರೆ ಅದು ಚಿಪ್ಪನ್ನ ಮೆಲ್ಲಗೆ ತಿನ್ನುತ್ತದೆ, ಮೇಲೆ ಬಿಳಿ ಉಪ್ಪು ಹುಟ್ಟುತ್ತದೆ. ಓಕ್ ಮರ ಇದರಲ್ಲಿ ತುಂಬಾ ಕೆಟ್ಟದ್ದು. ಹೊಸ ಮರ, ಮರದ ಚೂರು ನಾರನ್ನ ಅಂಟು ಹಾಕಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಇವೂ ಆಮ್ಲದ ಆವಿ ಬಿಡುತ್ತವೆ. ಹೊಸ ಕಪಾಟಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಘಾಟು ಹೊಡೆಯುತ್ತದಲ್ವಾ, ಅದೇ ಸೂಚನೆ.

ಆ ಒಂಬತ್ತನ್ನ ನೀರಿನಲ್ಲಿ ನೆನೆಸಿ ತೊಳೆದು, ಚೆನ್ನಾಗಿ ಒಣಗಿಸಿ ಬೇರೆ ಇಟ್ಟೆವು. ತಿನ್ನುವುದು ನಿಂತಿತು. ಹೋದ ಹೊಳಪು ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ಅಮ್ಮ ನನಗೆ ಏನೂ ಅನ್ನಲಿಲ್ಲ. ನಲವತ್ತು ವರ್ಷ ಪೇಪರಿನಲ್ಲಿ ಸುತ್ತಿಟ್ಟು ಕಾಪಾಡಿದ್ದು, ನಾನು ಪ್ರೀತಿಯಿಂದ ತಂದ ಪೆಟ್ಟಿಗೆಯೊಳಗೆ ಹಾಳಾಯಿತು. ಆ ಕವಡೆಯನ್ನ ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಆಗಲೇ ಗಟ್ಟಿ ಮಾಡಿಕೊಂಡೆ. ಇನ್ನೊಂದು ಶೋಕೇಸ್ ಬೇಕು, ಆದರೆ ಈ ಸಲ ಶುರು ಮಾಡುವುದು ವಸ್ತುಗಳಿಂದ.

ನೆಲದ ಮೇಲೆ ಒಂದು ಬೆಡ್‌ಶೀಟ್ ಹಾಸಿದೆವು. ಎಲ್ಲವನ್ನೂ ಅದರ ಮೇಲೆ ಹರಡಿದೆವು. ಅಮ್ಮ, ನಾನು, ಮಗಳು ಮೂವರೂ ಸುತ್ತ ಕೂತೆವು. ಮಗಳು ಸ್ಕೇಲ್ ಹಿಡಿದು ಅಳೆದಳು, ನಾನು ಬರೆದುಕೊಂಡೆ. ಕಪ್ಪುಗಳ ಎತ್ತರ 7 ಸೆಂ.ಮೀ. ದೊಡ್ಡ ಕ್ಯಾಮೆರಾ 11. ಎಲ್ಲಕ್ಕಿಂತ ದೊಡ್ಡ ಶಂಖ 19. ಬಟ್ಟಲಿನ ಅಗಲ 13. ಮುಂದೆ ಹಿಂದೆ ಲೆಕ್ಕದಲ್ಲಿ 22 ಸೆಂ.ಮೀ. ಮೀರಿದ ವಸ್ತು ಒಂದೂ ಇರಲಿಲ್ಲ! ಹಳೇ ಶೋಕೇಸಿನ ಆಳ 45 ಸೆಂ.ಮೀ. ಸುಮ್ನೆ ಅಲ್ಲ ಹಿಂದಿನ ಸಾಲು ಯಾವತ್ತೂ ಕಾಣದೆ ಇದ್ದದ್ದು. ಆಳ ಜಾಸ್ತಿ ಇದ್ದರೆ ನಾವು ಜಾಗ ಖಾಲಿ ಬಿಡೋದಿಲ್ಲ, ಮುಂದೆ ಇನ್ನೊಂದು ಸಾಲು ಇಡುತ್ತೇವೆ. ಆಮೇಲೆ ಹಿಂದಿನದನ್ನ ತೆಗೆಯಲು ಮುಂದಿನದನ್ನೆಲ್ಲ ಸರಿಸಬೇಕು, ಸರಿಸುವಾಗ ಒಂದು ಬೀಳುತ್ತದೆ. ಸಣ್ಣ ವಸ್ತುಗಳಿಗೆ ಒಳಗಿನ ಆಳ 25ರಿಂದ 30 ಸೆಂ.ಮೀ. ಧಾರಾಳ. ಊಟದ ತಟ್ಟೆಗಳನ್ನ ನಿಲ್ಲಿಸಿ ತೋರಿಸುವವರಿಗೂ ಅಷ್ಟು ಸಾಕು.

ಆಮೇಲೆ ಗೋಡೆ. ಮಾಸ್ಕಿಂಗ್ ಟೇಪ್ ತಗೊಂಡು ಗೋಡೆ ಮೇಲೆ ಶೋಕೇಸಿನ ಅಗಲ ಎತ್ತರ ಗುರುತು ಮಾಡಿದೆ. ನೆಲದ ಮೇಲೆ ಆಳ, ಬಾಗಿಲು ತೆರೆದಾಗ ಎಲ್ಲಿಯವರೆಗೆ ಬರುತ್ತದೆ ಅನ್ನುವ ಅರ್ಧ ವೃತ್ತ. ಒಂದು ವಾರ ಹಾಗೇ ಬಿಟ್ಟೆವು. ಮೂರನೇ ದಿನಕ್ಕೇ ಗೊತ್ತಾಯಿತು, ಅಡುಗೆಮನೆಗೆ ಹೋಗುವವರೆಲ್ಲ ಆ ಬಾಗಿಲಿನ ಗೆರೆ ತುಳಿಯುತ್ತಿದ್ದೇವೆ ಅಂತ. ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದೆವು. ಟೇಪ್ ಸರಿಸುವುದು ಸುಲಭ. ಗಾಜಿನ ಬೀರು ಸರಿಸುವುದು ಇಬ್ಬರ ಕೆಲಸ, ಅರ್ಧ ದಿನದ ಕೆಲಸ.

ಯಾವ ಗೋಡೆ ಅನ್ನೋದು ಬೆಳಕಿನ ಪ್ರಶ್ನೆಯೂ ಹೌದು. ಹಳೆಯದು ಪಶ್ಚಿಮದ ಕಿಟಕಿಗೆ ಎದುರಾಗಿ ಇತ್ತು. ಸಂಜೆ ಬಿಸಿಲು ನೇರ ಒಳಗೆ ಬೀಳ್ತಿತ್ತು. ಬಟ್ಟಲುಗಳು ಫಳಫಳ ಅನ್ನುವುದನ್ನ ನೋಡಿ ನಾವು ಖುಷಿಪಡ್ತಿದ್ದೆವು. ಅಮ್ಮನ ಕಸೂತಿಯಲ್ಲಿ ಒಂದು ಗುಲಾಬಿ ಬಳ್ಳಿ ಇತ್ತು. ಫ್ರೇಮ್ ಬಿಚ್ಚಿದಾಗ ಅಂಚಿನ ಕೆಳಗೆ ಮುಚ್ಚಿಕೊಂಡಿದ್ದ ಎಲೆ ಕಡು ಹಸಿರು, ಒಂದು ಬೆರಳು ಆಚೆ ಅದೇ ಬಳ್ಳಿಯ ಎಲೆ ಒಣ ಹುಲ್ಲಿನ ಬಣ್ಣ. ಒಂದೇ ದಾರ, ಒಂದೇ ಸೂಜಿ. ನಡುವೆ ಒಂದು ಗೆರೆ ಎಳೆದ ಹಾಗೆ.

ಗಾಜು ಬಿಸಿಲಿನಿಂದ ಕಾಪಾಡುತ್ತದೆ ಅಂತ ನಾನು ನಂಬಿದ್ದೆ. ಸಾಮಾನ್ಯ ಗಾಜು ನೇರಳಾತೀತ ಕಿರಣದ ಒಂದು ಭಾಗವನ್ನ ತಡೆಯುತ್ತದೆ, ಯುವಿ-ಎ ಅನ್ನುವ ಭಾಗವನ್ನ ಬಹುಪಾಲು ಒಳಗೆ ಬಿಡುತ್ತದೆ. ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆದರೂ ಬಣ್ಣ ಹೋಗೋದು ಬರೀ ಯುವಿಯಿಂದ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ. ಮ್ಯೂಸಿಯಂಗಳಲ್ಲಿ ಬಟ್ಟೆ, ಜಲವರ್ಣದ ಚಿತ್ರ ಇಂಥವಕ್ಕೆ 50 ಲಕ್ಸ್ ಬೆಳಕು ಸಾಕು ಅಂತ ಲೆಕ್ಕ ಇಟ್ಟಿರುತ್ತಾರೆ (ಲಕ್ಸ್ ಅಂದರೆ ಬೀಳುವ ಬೆಳಕನ್ನ ಅಳೆಯುವ ಮಾನ). ನೇರ ಬಿಸಿಲು ಅಂದರೆ ಸುಮಾರು 1,00,000 ಲಕ್ಸ್. ಕಿಟಕಿ ದಾಟಿ ಬರುವಾಗ ಅರ್ಧ ಆಯಿತು ಅಂತಲೇ ಇಟ್ಟುಕೊಳ್ಳಿ. ಒಂದು ಗಂಟೆ ಬಿಸಿಲು ಅಂದರೆ ಮ್ಯೂಸಿಯಂ ಬೆಳಕಿನಲ್ಲಿ 1,000 ಗಂಟೆ. ದಿನಕ್ಕೆ ಎಂಟು ಗಂಟೆ ತೆರೆದರೂ ನಾಲ್ಕು ತಿಂಗಳಾಯಿತು. ಬೆಳಕಿನ ಏಟು ಕೂಡುತ್ತಾ ಹೋಗುತ್ತದೆ, ಬಟ್ಟೆ ರಾತ್ರಿ ಹೊತ್ತು ಸುಧಾರಿಸಿಕೊಳ್ಳೋದಿಲ್ಲ. ಈಗ ನಮ್ಮ ಶೋಕೇಸ್ ಕಿಟಕಿ ಇರುವ ಗೋಡೆಗೇ ಇದೆ, ಕಿಟಕಿಯಿಂದ ಮೂರು ಅಡಿ ಪಕ್ಕಕ್ಕೆ. ಬಿಸಿಲು ಮುಟ್ಟೋದೇ ಇಲ್ಲ. ಶೋಕೇಸಿನ ಗಾಜಿನಲ್ಲಿ ಕಿಟಕಿ ಕನ್ನಡಿಯಲ್ಲಿ ಕಂಡ ಹಾಗೆ ಹೊಳೆಯುವ ತೊಂದರೆಯೂ ಇಲ್ಲ.

ಹೊರಗಿನ ಗೋಡೆಗೆ ಇಡುವುದಾದರೆ ಗೋಡೆಗೂ ಬೀರುವಿಗೂ ನಡುವೆ ಎರಡು ಬೆರಳು ಜಾಗ ಬಿಡಿ. ಅಂಟಿಸಿ ಇಟ್ಟರೆ ಗಾಳಿ ಆಡೋದಿಲ್ಲ, ಹಿಂಬದಿ ಬೂಷ್ಟು ಹಿಡಿಯುತ್ತದೆ, ಗೊತ್ತೇ ಆಗೋದಿಲ್ಲ.

ಇನ್ನು ಹಲಗೆ. ಮೊದಲ ಶೋಕೇಸಿನಲ್ಲಿ 16 ಮಿ.ಮೀ. ಪಾರ್ಟಿಕಲ್ ಬೋರ್ಡ್ ಇತ್ತು, ಒಂದೇ ಉದ್ದಕ್ಕೆ ಒಂದು ಮೀಟರ್. ಮಧ್ಯದಲ್ಲಿ ಆಧಾರ ಇಲ್ಲ. ಅದರ ಮೇಲೆ ಅಪ್ಪನ ಕ್ಯಾಮೆರಾ ಮತ್ತು ಲೆನ್ಸ್ ಇಟ್ಟಿದ್ದೆ. ಎಲ್ಲ ಹಳೇ ಕಾಲದ ಲೋಹ, ತೂಕದವು. ಎಂಟು ತಿಂಗಳಲ್ಲಿ ಹಲಗೆ ಬಾಗಿತು. ಎರಡು ತುದಿಗೆ ದಾರ ಕಟ್ಟಿ ನೋಡಿದೆ, ಮಧ್ಯದಲ್ಲಿ 11 ಮಿ.ಮೀ. ಇಳಿದಿತ್ತು. ಇಟ್ಟ ದಿನ ಎಲ್ಲ ಸರಿಯಾಗಿಯೇ ಇತ್ತು. ಪಾರ್ಟಿಕಲ್ ಬೋರ್ಡ್ ಒಂದೇ ಭಾರದ ಕೆಳಗೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳೀತಾನೇ ಇರುತ್ತದೆ. ಇಲ್ಲಿ ಒಂದು ಲೆಕ್ಕ ತುಂಬಾ ಉಪಯೋಗದ್ದು. ಅಷ್ಟೇ ತೂಕ ಇಟ್ಟು ಉದ್ದವನ್ನ ಎರಡರಷ್ಟು ಮಾಡಿದರೆ ಬಾಗುವುದು ಎಂಟರಷ್ಟು ಆಗುತ್ತದೆ. ದಪ್ಪವನ್ನ ಎರಡರಷ್ಟು ಮಾಡಿದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಒಂದು ಮೀಟರ್ ಹಲಗೆಯ ಮಧ್ಯೆ ಒಂದು ಆಧಾರ ಕೊಟ್ಟರೂ ಅರ್ಧ ಸಮಸ್ಯೆ ಅಲ್ಲ, ಹೆಚ್ಚುಕಡಿಮೆ ಪೂರ್ತಿ ಸಮಸ್ಯೆ ಮುಗಿಯಿತು. ಬೋರ್ಡ್ ಹಲಗೆ ಆದರೆ 60 ಸೆಂ.ಮೀ. ದಾಟಿಸಬೇಡಿ.

ಹೊಸದಕ್ಕೆ ನಾವು ಮರವನ್ನ ಬಿಟ್ಟೇ ಬಿಟ್ಟೆವು. ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಚೌಕಟ್ಟು, ಗಾಜಿನ ಹಲಗೆ, ಗಾಜಿನ ಬಾಗಿಲು. ಮರದ ಅಂದ ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡಿದ ಆ ಬಣ್ಣ ಆಮ್ಲ ಬಿಡೋದಿಲ್ಲ. ನಿಮ್ಮ ಹತ್ತಿರ ಇರುವುದು ಬರೀ ಗಾಜು, ಪಿಂಗಾಣಿ ಆದರೆ ಮರದ ಬೀರು ಧೈರ್ಯವಾಗಿ ತಗೊಳ್ಳಿ. ಅವಕ್ಕೆ ಮರದ ಆವಿಯಿಂದ ತೊಂದರೆ ಇಲ್ಲ. ಚಿಪ್ಪು, ಸೀಸ, ಹಳೇ ಫೋಟೊ ಇದ್ದವರು ಮಾತ್ರ ಎರಡು ಸಲ ಯೋಚನೆ ಮಾಡಿ.

ಗಾಜಿನ ತೂಕ ಎಷ್ಟು ಅಂತ ಯಾರಿಗೂ ಅಂದಾಜು ಇರೋದಿಲ್ಲ, ನನಗೂ ಇರಲಿಲ್ಲ. ಒಂದು ಚದರ ಮೀಟರ್ ಗಾಜು, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ಇಷ್ಟು ನೆನಪಿಟ್ಟರೆ ಸಾಕು. ನಮ್ಮ ಹಲಗೆ 80 ಸೆಂ.ಮೀ. ಉದ್ದ, 30 ಅಗಲ, 8 ಮಿ.ಮೀ. ದಪ್ಪ. ಒಂದೊಂದು 4.8 ಕೆ.ಜಿ. ಅಂಥವು ನಾಲ್ಕು. ಬಾಗಿಲು 5 ಮಿ.ಮೀ. ಗಾಜು, 180 ಸೆಂ.ಮೀ. ಎತ್ತರ, 40 ಅಗಲ. ಒಂದೊಂದು 9 ಕೆ.ಜಿ. ಎರಡೂ ಬಾಗಿಲು ಒಟ್ಟಿಗೆ ತೆರೆದರೆ 18 ಕೆ.ಜಿ. ಮುಂದಕ್ಕೆ ಬಂದು ನಿಲ್ಲುತ್ತದೆ. ಬೀರುವಿನ ಆಳ ಬರೀ ಒಂದು ಅಡಿ ಚಿಲ್ಲರೆ. ಒಂದು ಮಗು ಬಾಗಿಲು ಹಿಡಿದು ಜೋತು ಬಿದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಗೋಡೆಗೆ ಕಟ್ಟಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಮೇಲ್ಗಡೆ ಎರಡು ಮೂಲೆಯಲ್ಲಿ ಎಲ್ ಕ್ಲಾಂಪ್, ಗೋಡೆಗೆ ತಕ್ಕ ಪ್ಲಗ್, ಉದ್ದನೆ ಸ್ಕ್ರೂ. ಬರೀ ಗಾರೆಯಲ್ಲಿ ನಿಂತ ಸ್ಕ್ರೂ ಸಾಲದು, ಇಟ್ಟಿಗೆಗೆ ಇಳಿಯಬೇಕು. ಪೊಳ್ಳು ಗೋಡೆಯಾದರೆ ಒಳಗಿನ ಪಟ್ಟಿ ಎಲ್ಲಿದೆ ಅಂತ ಹುಡುಕಿ ಅದಕ್ಕೇ ಹಾಕಬೇಕು. ನಮಗೆ ಕೂರಿಸಲು ಬಂದವರು "ಇಷ್ಟು ಭಾರ ಇದೆ, ಅಲ್ಲಾಡಲ್ಲ ಬಿಡಿ ಮೇಡಂ" ಅಂದರು. ನಾನು ಬಿಡಲಿಲ್ಲ. ಭಾರ ಇರೋದಕ್ಕೇ ಕಟ್ಟಬೇಕು, ಅಲ್ವಾ? ಕಟ್ಟುವ ಮುಂಚೆ ರಸಮಟ್ಟ ಇಟ್ಟು ನೋಡಿ. ನೆಲ ಒಂದು ಕಡೆ ಇಳಿಜಾರಿದ್ದರೆ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ, ಕೀಲುಗಳಿಗೆ ಏಟು.

ಗಾಜು ಟಫನ್ಡ್ ಇರಲಿ. ಸಾಮಾನ್ಯ ಗಾಜಿಗಿಂತ ಸುಮಾರು ನಾಲ್ಕರಷ್ಟು ಗಟ್ಟಿ. ಒಡೆದರೂ ಕತ್ತಿಯಂಥ ಚೂರಾಗದೆ ಜೋಳದ ಕಾಳಿನಷ್ಟು ಸಣ್ಣ ತುಂಡುಗಳಾಗುತ್ತದೆ. ಮೂಲೆಯಲ್ಲಿ ಸಣ್ಣದಾಗಿ ಗುರುತು ಅಚ್ಚಾಗಿದೆಯಾ ಅಂತ ಹುಡುಕಿ. ಒಂದು ವಿಷಯ ಮಾತ್ರ ಮರೆಯಬೇಡಿ. ಒಮ್ಮೆ ಟಫನ್ ಮಾಡಿದ ಗಾಜನ್ನ ಆಮೇಲೆ ಕತ್ತರಿಸಲು, ತೂತು ಹಾಕಲು ಆಗೋದಿಲ್ಲ. ಹಾಕಿದರೆ ಇಡೀ ಗಾಜು ಪುಡಿ. ಬೀಗದ ತೂತಿನ ಅಳತೆ ನಾನು ಅರ್ಧ ಸೆಂ.ಮೀ. ತಪ್ಪು ಕೊಟ್ಟಿದ್ದೆ. ಆ ಬಾಗಿಲನ್ನ ಹೊಸದಾಗಿಯೇ ಮಾಡಿಸಬೇಕಾಯಿತು. ಇನ್ನೂ ಒಂದು. ಗಾಜಿನ ಅಂಚು ನೋಡಿದರೆ ಹಸಿರು ಕಾಣುತ್ತದಲ್ಲ, ಅದು ಗಾಜಿನಲ್ಲಿರುವ ಕಬ್ಬಿಣದ ಅಂಶ. ಕಬ್ಬಿಣ ಕಮ್ಮಿ ಇರುವ ಗಾಜೂ ಸಿಗುತ್ತದೆ, ಅದು ನೀರಿನ ಹಾಗೆ ತಿಳಿ. ಬಿಳಿ ಪಿಂಗಾಣಿ ಜಾಸ್ತಿ ಇರುವವರಿಗೆ ಅದು ಒಳ್ಳೆಯದು. ನಮಗೆ ಬೇಕಾಗಲಿಲ್ಲ.

ಒಳಗಿನ ಬೆಳಕಿಗೆ ಎಲ್‌ಇಡಿ ಪಟ್ಟಿ. ಹಳೆಯದರಲ್ಲಿ ಹ್ಯಾಲೊಜನ್ ಬಲ್ಬ್ ಇತ್ತು, ಕೈ ಇಟ್ಟರೆ ಸುಡ್ತಿತ್ತು. ಬಿಸಿಯಿಂದ ಇನ್ನೊಂದು ತಾಪತ್ರಯ ಇದೆ, ಅದು ಧೂಳು. ಬೆಳಕು ಹಾಕಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಸಂದಿಯಿಂದ ಹೊರಗೆ ಹೋಗುತ್ತದೆ. ಆರಿಸಿದಾಗ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯನ್ನ ಧೂಳಿನ ಸಮೇತ ಒಳಗೆ ಎಳೆಯುತ್ತದೆ. ದಿನಾ ಉಸಿರಾಡಿದ ಹಾಗೆ. ಮುಚ್ಚಿದ ಬೀರುವಿನೊಳಗೆ ಧೂಳು ಎಲ್ಲಿಂದ ಬರುತ್ತದೆ ಅಂತ ಅಮ್ಮ ಕೇಳ್ತಾನೇ ಇದ್ದಳು. ಉತ್ತರ ಇದು. ಈಗ ಎಲ್‌ಇಡಿಯ ಅಡಾಪ್ಟರ್ ಕೂಡ ಹೊರಗೆ, ಬೀರುವಿನ ತಲೆ ಮೇಲೆ ಇದೆ. ಬಾಗಿಲಿನ ಅಂಚಿಗೆ ಪಾರದರ್ಶಕ ಸಿಲಿಕೋನ್ ಪಟ್ಟಿ ಹಾಕಿಸಿದ್ದೇವೆ. ಮೊದಲು ಹದಿನೈದು ದಿನಕ್ಕೊಮ್ಮೆ ಒರೆಸ್ತಿದ್ದದ್ದು ಈಗ ಎರಡು ತಿಂಗಳಿಗೊಮ್ಮೆ.

ಪಟ್ಟಿಯನ್ನ ಎಲ್ಲಿ ಅಂಟಿಸಬೇಕು ಅನ್ನೋದೂ ಮುಖ್ಯ. ಹಿಂಬದಿಗೆ ಹಾಕಿದರೆ ವಸ್ತುಗಳ ಬೆನ್ನಿಗೆ ಬೆಳಕು, ನಮ್ಮ ಕಣ್ಣಿಗೆ ಬರೀ ಕಪ್ಪು ಆಕಾರ. ಮುಂದಿನ ಎರಡು ಕಂಬಗಳ ಒಳಬದಿಗೆ, ಮೇಲಿಂದ ಕೆಳಗೆ, ಒಳಮುಖವಾಗಿ ಹಾಕಿದರೆ ಪ್ರತಿ ಹಲಗೆಗೂ ಮುಖದ ಮೇಲೆ ಬೆಳಕು ಬೀಳುತ್ತದೆ. ಕನ್ನಡಿ ಈ ಸಲ ಬೇಡ ಅಂದೆ. ಕನ್ನಡಿ ಇದ್ದರೆ ಐದು ವಸ್ತು ಹತ್ತಾಗುತ್ತವೆ, ಜೊತೆಗೆ ಸೋಫಾ, ಫ್ಯಾನ್, ನಾವು ಎಲ್ಲ ಒಳಗೆ ಸೇರಿಕೊಳ್ಳುತ್ತೇವೆ. ಹಿಂದೆ ಮಾಸಲು ನೀಲಿ ಬಣ್ಣ ಕೊಡಿಸಿದೆ. ಬಿಳಿ ಚಿಪ್ಪು ಅದರ ಮುಂದೆ ಎದ್ದು ಕಾಣುತ್ತದೆ.

ಬೆಳ್ಳಿ ಬಟ್ಟಲಿನ ಬಗ್ಗೆ ಒಂದು ಮಾತು. ಹಳೇ ಶೋಕೇಸಿನಲ್ಲಿ ಅದರ ಕೆಳಗೆ ಹಸಿರು ಉಣ್ಣೆ ಬಟ್ಟೆ ಹಾಸಿದ್ದೆ, ಚೆಂದ ಕಾಣಲಿ ಅಂತ. ತಿಂಗಳಿಗೇ ಬಟ್ಟಲು ಕಪ್ಪಗಾಗ್ತಿತ್ತು. ಬೆಳ್ಳಿಯನ್ನ ಕಪ್ಪು ಮಾಡುವುದು ಗಂಧಕದ ಆವಿ. ಉಣ್ಣೆಯಲ್ಲಿ ಗಂಧಕ ಇದೆ, ರಬ್ಬರಿನಲ್ಲೂ ಇದೆ. ಬೆಳ್ಳಿ ಇರುವ ಕಡೆ ಉಣ್ಣೆಯೂ ಬೇಡ, ರಬ್ಬರ್ ಬ್ಯಾಂಡ್, ರಬ್ಬರ್ ಮ್ಯಾಟ್ ಯಾವುದೂ ಬೇಡ. ಪ್ರತಿ ಸಲ ತಿಕ್ಕಿ ಬೆಳಗಿದಾಗಲೂ ಕೂದಲೆಳೆಯಷ್ಟು ಬೆಳ್ಳಿ ಸವೆಯುತ್ತದೆ. ಅಜ್ಜಿಯ ಬಟ್ಟಲಿನ ಮೇಲಿನ ಬಳ್ಳಿ ಕೆತ್ತನೆ ಒಂದು ಕಡೆ ಆಗಲೇ ನುಣ್ಣಗಾಗಿದೆ.

ಕ್ಯಾಮೆರಾ ಇಡುವವರು ಚರ್ಮದ ಕವರ್ ತೆಗೆದು ಇಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಫಂಗಸ್ ಬರುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟಿದ್ದೇನೆ, ಮಳೆಗಾಲದಲ್ಲಿ ಬದಲಾಯಿಸುತ್ತೇನೆ.

ಜೋಡಿಸುವ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ನಾನು ಎಲ್ಲವನ್ನೂ ಒಳಗೆ ಇಟ್ಟೆ, ಅಮ್ಮ ದೂರ ನಿಂತು ನೋಡಿದಳು. "ಸಂತೆ ಆಯ್ತಲ್ಲೇ" ಅಂದಳು. ಮತ್ತೆ ಎಲ್ಲ ಹೊರಗೆ. ಈ ಸಲ ಅರ್ಧ ಮಾತ್ರ ಒಳಗೆ. ಮಿಕ್ಕಿದ್ದು ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ. ಮೂರು ತಿಂಗಳಿಗೊಮ್ಮೆ ಅದಲು ಬದಲು. ಇದು ನಾವು ಮಾಡಿದ ಅತಿ ಒಳ್ಳೆ ಕೆಲಸ. ಬದಲಾಯಿಸಿದ ದಿನ ಮನೆಗೆ ಬಂದವರೆಲ್ಲ ನಿಂತು ನೋಡುತ್ತಾರೆ, ಮನೆಯವರೂ ನೋಡುತ್ತಾರೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಇದ್ದದ್ದು ಕಣ್ಣಿಗೆ ಬೀಳೋದೇ ಇಲ್ಲ. ಕಸೂತಿ ಮಾತ್ರ ವರ್ಷಕ್ಕೆ ಒಂದು ತಿಂಗಳು ಹೊರಗೆ ಬರುತ್ತದೆ.

ಹಿಂದಿನ ಸಾಲನ್ನ ಒಂದು ಮೆಟ್ಟಿಲು ಎತ್ತರಿಸಬೇಕು. ಅದಕ್ಕೆ ಅಂತಲೇ ಅಕ್ರಿಲಿಕ್ ಪೀಠಗಳು ಸಿಗುತ್ತವೆ. ಭಾರದ ವಸ್ತು ಕೆಳಗಿನ ಹಲಗೆಗೆ. ಮಕ್ಕಳು ಮುಟ್ಟಿದರೂ ಪರವಾಗಿಲ್ಲ ಅನ್ನುವುದು ಅವರ ಕಣ್ಣಿನ ಮಟ್ಟಕ್ಕೆ. ಅಲ್ಲಿ ನಮ್ಮ ಮಗಳು ಮಾಡಿದ ಮಣ್ಣಿನ ಹಕ್ಕಿ ಇದೆ.

ಆ ಹಕ್ಕಿ ಒಂದು ವಿಚಿತ್ರ ತೋರಿಸಿತು. ಎಡಕ್ಕೆ ಮುಖ ಮಾಡಿ ಇಟ್ಟರೆ ಎರಡು ಮೂರು ವಾರದಲ್ಲಿ ಗೋಡೆ ಕಡೆ ತಿರುಗಿ ನಿಂತಿರ್ತಿತ್ತು. ಬೀಗದ ಕೈ ನನ್ನ ಹತ್ತಿರ. ಮಗಳು ನಾನಲ್ಲ ಅಂದಳು, ಅಮ್ಮ ನಾನಲ್ಲ ಅಂದಳು. ಆಮೇಲೆ ನನಗೆ ಒಂದು ಸುದ್ದಿ ನೆನಪಾಯಿತು. 2013ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ನೆಬ್-ಸೆನು ಅನ್ನುವ ಪುಟ್ಟ ಈಜಿಪ್ಟ್ ಮೂರ್ತಿ ತಾನಾಗೇ ತಿರುಗ್ತಿತ್ತು. ಸುಮಾರು 25 ಸೆಂ.ಮೀ. ಎತ್ತರದ, ಕ್ರಿ.ಪೂ. 1800ರ ಸುಮಾರಿನ ಮೂರ್ತಿ. ಶಾಪ, ಭೂತ ಅಂತೆಲ್ಲ ಜನ ಮಾತಾಡಿಕೊಂಡರು. ಕಂಪನ ಅಳೆಯುವ ತಜ್ಞರೊಬ್ಬರು ಬಂದು ನೋಡಿದರು. ಹೊರಗಿನ ವಾಹನಗಳು, ಒಳಗೆ ಓಡಾಡುವ ಜನರ ಹೆಜ್ಜೆ ಇವುಗಳ ಸಣ್ಣ ನಡುಕ ಗಾಜಿನ ಹಲಗೆಗೆ ಬರುತ್ತಿತ್ತು. ಮೂರ್ತಿಯ ತಳ ಸಮ ಇರಲಿಲ್ಲ, ಉಬ್ಬಿತ್ತು. ಹಾಗಾಗಿ ಅದೊಂದೇ ತಿರುಗ್ತಿತ್ತು, ಪಕ್ಕದವು ಅಲ್ಲಾಡ್ತಿರಲಿಲ್ಲ.

ಹಕ್ಕಿಯನ್ನ ತಿರುಗಿಸಿ ನೋಡಿದೆ. ತಳ ಉಂಡೆ ಉಂಡೆ. ಪುಟ್ಟ ಕೈ ಅದುಮಿದ ಹೆಬ್ಬೆರಳಿನ ಗುರುತು ಹಾಗೇ ಇದೆ. ಅಂಟು ಮೇಣದ ಮೂರು ಪುಟ್ಟ ಉಂಡೆ ತಳಕ್ಕೆ ಒತ್ತಿ ಕೂರಿಸಿದೆ. ತೆಗೆಯಬೇಕು ಅಂದಾಗ ಮೆಲ್ಲಗೆ ತಿರುಚಿದರೆ ಬರುತ್ತದೆ. ತಿರುಗುವ ವಸ್ತು ಅಂಚಿಗೂ ಸರಿಯುತ್ತದೆ. ನಿಮ್ಮ ಶೋಕೇಸಿನಲ್ಲಿ ಯಾವುದಾದರೂ ಇಟ್ಟ ಜಾಗದಿಂದ ಸರಿದಿದ್ದರೆ ಮೊದಲು ಅದರ ತಳ ನೋಡಿ.

ಒರೆಸುವಾಗ ಒಂದು ಸಲಕ್ಕೆ ಒಂದೇ ಹಲಗೆ ಖಾಲಿ ಮಾಡಿ. ಗಾಜಿನ ಸ್ಪ್ರೇಯನ್ನ ಬೀರುವಿನೊಳಗೆ ಹೊಡೆಯಬೇಡಿ, ಹೊರಗೆ ಬಟ್ಟೆಗೆ ಹೊಡೆದು ಒರೆಸಿ. ಅಮೋನಿಯಾ ಇರುವ ಸ್ಪ್ರೇ ಹಿತ್ತಾಳೆಗೆ ಕೇಡು. ಒರೆಸಿದ ಮೇಲೆ ಅರ್ಧ ಗಂಟೆ ಬಾಗಿಲು ತೆರೆದೇ ಇರಲಿ, ತೇವ ಹೋಗಲಿ.

ಇನ್ನು ಚೀಟಿಗಳು. ಅಮ್ಮನಿಗೆ ಪ್ರತಿ ಚಿಪ್ಪಿನ ಕಥೆಯೂ ಗೊತ್ತು. ಯಾವ ವರ್ಷ, ಯಾರ ಜೊತೆ ಹೋಗಿದ್ದಾಗ, ಅಲೆ ಎಷ್ಟು ದೊಡ್ಡದಿತ್ತು. ನನಗೆ ಗೊತ್ತಿಲ್ಲ, ಮಗಳಿಗಂತೂ ಗೊತ್ತೇ ಇಲ್ಲ. ದಿನಾ ಸಂಜೆ ಒಂದು ಚಿಪ್ಪು ಹೊರಗೆ ತೆಗೆಯುತ್ತೇವೆ. ಅಮ್ಮ ಹೇಳುತ್ತಾಳೆ, ಮಗಳು ಪೆನ್ಸಿಲಿನಲ್ಲಿ ಸಣ್ಣ ಚೀಟಿ ಬರೆದು ಅದರ ಕೆಳಗೆ ಇಡುತ್ತಾಳೆ. ಪೆನ್ ಬೇಡ, ಶಾಯಿ ಹರಡಬಹುದು, ಬಣ್ಣವೂ ಹೋಗುತ್ತದೆ. ಪೆನ್ಸಿಲ್ ಉಳಿಯುತ್ತದೆ. ಹಾಳಾದ ಕವಡೆಗೂ ಚೀಟಿ ಇದೆ. ಅದನ್ನ ಹಿಂದಿನ ಸಾಲಿಗೆ ಹಾಕೋಣ ಅಂತ ನಾನು ಅಂದಿದ್ದೆ. ಅಮ್ಮ ಒಪ್ಪಲಿಲ್ಲ. "ನಿಮ್ಮಪ್ಪ ಬಗ್ಗಿ ಎತ್ತಿಕೊಟ್ಟಿದ್ದು ಅದು. ಮುಂದೇ ಇರಲಿ" ಅಂದಳು.

ಹೋದ ವಾರ ಅಮ್ಮ ಇನ್ನೊಂದು ಮಾತು ಹೇಳಿದಳು. "ನೀನು ನಿಂತು ಅಳೆದೆ. ನಾನು ನೋಡೋದು ಕುರ್ಚಿಯಲ್ಲಿ ಕೂತು. ನನಗೆ ಚಿಪ್ಪಿನ ತಳ ಕಾಣ್ತದೆ ಅಷ್ಟೇ." ಅವಳ ಕುರ್ಚಿಯಲ್ಲಿ ನಾನೂ ಕೂತು ನೋಡಿದೆ. ನಿಜ. ಗಾಜಿನ ಹಲಗೆಯ ಕೆಳಗಿನಿಂದ ಚಿಪ್ಪುಗಳ ಹೊಟ್ಟೆ, ಅದರ ಕೆಳಗೆ ಮಡಚಿದ ಚೀಟಿ. ಒಳಗಿನ ಕಂಬಗಳಲ್ಲಿ ಹಲಗೆ ಕೂರಿಸುವ ತೂತುಗಳು 32 ಮಿ.ಮೀ.ಗೆ ಒಂದರಂತೆ ಇವೆ. ಮಾಡಿಸುವಾಗ ಹಲಗೆ ಮೇಲೆ ಕೆಳಗೆ ಸರಿಸೋಕೆ ಬರಬೇಕು ಅಂತ ಹಟ ಹಿಡಿದಿದ್ದೆ. ಚಿಪ್ಪುಗಳನ್ನ ಮತ್ತೆ ಬೆಡ್‌ಶೀಟ್ ಮೇಲೆ ಇಳಿಸಿ, ಮಗಳು ಒಂದು ಕಡೆ ನಾನು ಒಂದು ಕಡೆ ಹಿಡಿದು ಹಲಗೆ ಹೊರಗೆ ತೆಗೆದೆವು. ನಾಲ್ಕು ಗೂಟ ಕಿತ್ತು ಹತ್ತು ತೂತು ಕೆಳಗೆ ಹಾಕಿದೆ.

ಅಮ್ಮ ಕುರ್ಚಿಯಲ್ಲಿ ಕೂತು ನೋಡಿದಳು. ಇನ್ನೂ ಒಂದು ತೂತು ಇಳಿಸು ಅಂದಳು. ಇಳಿಸಿದೆ.